ಗಾಡಿಯ ಹಿಂದಿನ ಗಾಳಿ: ‘ಘರ್ಷಣೆ’ ಪಾಠಕ್ಕೆ ಒಂದು ಉದಾಹರಣೆ, ಅದರ ಎರಡು ಮುಖ

ಎಂಟನೇ ತರಗತಿಯ ವಿಜ್ಞಾನದಲ್ಲಿ ‘ಘರ್ಷಣೆ’ ಪಾಠವನ್ನು ಅಭ್ಯಾಸ ಬೋಧನೆಗೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಹೆಚ್ಚು. ಉದಾಹರಣೆಗಳು ಕೈಗೆಟುಕುವಂತಿವೆ: ಸವೆದ ಚಪ್ಪಲಿ, ಎಣ್ಣೆ ಕಾಣದ ಬಾಗಿಲು, ಕೇರಂ ಹಲಗೆಗೆ ಹಾಕುವ ಪೌಡರ್. ಆದರೆ ಗಾಳಿ ಮತ್ತು ನೀರು ಒಡ್ಡುವ ತಡೆಯ ಭಾಗಕ್ಕೆ ಬಂದಾಗ ಪಾಠ ಯೋಜನೆ ಬಡವಾಗುತ್ತದೆ. ವಿಮಾನ, ಹಡಗು, ಹಕ್ಕಿ, ಮೀನು ಎಂದು ಹಲಗೆಯ ಮೇಲೆ ನಾಲ್ಕು ಹೆಸರು ಬರೆದು ಮುಂದೆ ಹೋಗುತ್ತಾರೆ. ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿದ್ದ ಮತ್ತೋಡು ಮತ್ತು ಸುತ್ತಲ ಹಳ್ಳಿಗಳ ಮಕ್ಕಳಲ್ಲಿ ಹೆಚ್ಚಿನವರು ವಿಮಾನ ಹತ್ತಿದವರಲ್ಲ, ಹಡಗು ಕಂಡವರಲ್ಲ. ಸೈಕಲ್ ಮಾತ್ರ ಬಹುತೇಕ ಎಲ್ಲರಿಗೂ ಗೊತ್ತು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದ ಮೇಲಂತೂ ನಮ್ಮ ಹಳ್ಳಿ ರಸ್ತೆಗಳಲ್ಲಿ ಶಾಲೆಯ ಹೊತ್ತಿಗೆ ಸೈಕಲ್ ಸಾಲು ಸಾಮಾನ್ಯ ದೃಶ್ಯವಾಯಿತು.

ಈ ಭಾಗದ ಪ್ರೌಢಶಾಲೆಗಳಲ್ಲಿ ನಾನು ಅಭ್ಯಾಸ ಪಾಠಗಳನ್ನು ವೀಕ್ಷಿಸುವಾಗ ಒಂದು ಮಾತು ಮಕ್ಕಳಿಂದ ಮತ್ತೆ ಮತ್ತೆ ಬರುತ್ತದೆ: “ಸಾರ್, ಟ್ರ್ಯಾಕ್ಟರ್ ಹಿಂದೆ ಹೋದ್ರೆ ಗಾಳಿನೇ ಹೊಡೆಯಲ್ಲ, ಸೈಕಲ್ ತಾನಾಗೇ ಹೋಗುತ್ತೆ.” ಇದಕ್ಕೆ ಪ್ರಶಿಕ್ಷಣಾರ್ಥಿಗಳು ಎರಡು ಬಗೆಯಲ್ಲಿ ಉತ್ತರಿಸುತ್ತಾರೆ. ಕೆಲವರು “ಹಾಗೆಲ್ಲ ಹೋಗಬಾರದು, ಕೂತ್ಕೊ” ಎಂದು ಗದರಿ ಬಿಡುತ್ತಾರೆ. ಇನ್ನು ಕೆಲವರು “ಶಭಾಷ್, ಸರಿಯಾದ ಉದಾಹರಣೆ” ಎಂದು ಬೆನ್ನು ತಟ್ಟಿ ಮುಂದಿನ ಅಂಶಕ್ಕೆ ಹೋಗುತ್ತಾರೆ. ಮೊದಲನೆಯದರಲ್ಲಿ ಮಗುವಿನ ಸರಿಯಾದ ವೀಕ್ಷಣೆ ವ್ಯರ್ಥವಾಗುತ್ತದೆ. ಎರಡನೆಯದರಲ್ಲಿ ಅಪಾಯಕ್ಕೆ ಶಿಕ್ಷಕರ ಮುದ್ರೆ ಬೀಳುತ್ತದೆ. ಗಾಡಿಯ ಹಿಂದೆ ಗಾಳಿ ಏಕೆ ಕಡಿಮೆ ಎಂಬುದನ್ನೂ, ಅದೇ ಜಾಗ ಏಕೆ ಅಪಾಯದ್ದು ಎಂಬುದನ್ನೂ ಒಂದೇ ಅವಧಿಯಲ್ಲಿ ಕಲಿಸಬೇಕು ಎಂಬುದು ಈ ಲೇಖನದ ವಾದ. ಅದಕ್ಕೆ ಬೇಕಾದ ವಿಷಯಜ್ಞಾನವನ್ನೂ ಚಟುವಟಿಕೆಗಳನ್ನೂ ಕೆಳಗೆ ಕೊಟ್ಟಿದ್ದೇನೆ.

ಗಾಳಿಯ ತಡೆ: ವರ್ಗ ಮತ್ತು ಘನ

ಸೈಕಲ್ ಸವಾರ ಮುಂದೆ ಹೋಗುವಾಗ ಎದುರಿನ ಗಾಳಿಯನ್ನು ತಳ್ಳಿಕೊಂಡು ಹೋಗಬೇಕು. ಈ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಾಳಿಯನ್ನು ತಳ್ಳಲು ಪ್ರತಿ ಸೆಕೆಂಡಿಗೆ ಬೇಕಾಗುವ ಶಕ್ತಿ, ಅಂದರೆ ಸಾಮರ್ಥ್ಯ, ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಇರುವ ತಡೆಯನ್ನು 1 ಎಂದುಕೊಂಡು ಹಲಗೆಯ ಮೇಲೆ ಹೀಗೆ ಬರೆಯಬಹುದು:

10 ಕಿ.ಮೀ.: ತಡೆ 1, ಸಾಮರ್ಥ್ಯ 1
20 ಕಿ.ಮೀ.: ತಡೆ 4, ಸಾಮರ್ಥ್ಯ 8
30 ಕಿ.ಮೀ.: ತಡೆ 9, ಸಾಮರ್ಥ್ಯ 27
40 ಕಿ.ಮೀ.: ತಡೆ 16, ಸಾಮರ್ಥ್ಯ 64

ಗಣಿತದ ಅವಧಿಯಲ್ಲಿ ಕಲಿತ ವರ್ಗ ಮತ್ತು ಘನ ಇಲ್ಲಿ ಮಕ್ಕಳ ಕಾಲಿನ ಅನುಭವಕ್ಕೆ ಬರುತ್ತವೆ. ನಿಧಾನ ವೇಗದಲ್ಲಿ ಟೈರು ಮತ್ತು ಚೈನಿನ ಘರ್ಷಣೆಯೇ ಮುಖ್ಯ. ಸಮತಟ್ಟು ರಸ್ತೆಯಲ್ಲಿ ಒಬ್ಬನೇ 40 ಕಿ.ಮೀ. ವೇಗದಲ್ಲಿ ಹೋಗುವ ರೇಸ್ ಸವಾರನಿಗೆ ಒಟ್ಟು ತಡೆಯ ಸುಮಾರು ಐದರಲ್ಲಿ ನಾಲ್ಕು ಭಾಗ ಗಾಳಿಯದೇ.

ಇದನ್ನು ಮನಗಾಣಿಸಲು ಆಷಾಢದ ಗಾಳಿಗಿಂತ ಒಳ್ಳೆಯ ಪಾಠೋಪಕರಣ ನಮ್ಮ ಸೀಮೆಯಲ್ಲಿಲ್ಲ. ಗಾಳಿ ಎದುರಿನಿಂದ 15 ಕಿ.ಮೀ. ವೇಗದಲ್ಲಿ ಬೀಸುತ್ತಿದೆ, ಮಗು 15 ಕಿ.ಮೀ. ವೇಗದಲ್ಲಿ ತುಳಿಯುತ್ತಿದೆ ಎಂದುಕೊಳ್ಳಿ. ಮೈಗೆ ತಾಗುವ ಗಾಳಿಯ ವೇಗ 30 ಆಗುತ್ತದೆ, ತಡೆ ನಾಲ್ಕು ಪಟ್ಟಾಗುತ್ತದೆ. ಚಿತ್ರದುರ್ಗದ ಜೋಗಿಮಟ್ಟಿಯ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದ್ದು ಏಕೆ ಎಂಬ ಪ್ರಶ್ನೆಯನ್ನೂ ಇಲ್ಲೇ ಕೇಳಬಹುದು. ಶಾಲೆಗೆ ಬರುವಾಗ ಕಾಡುವ ಗಾಳಿಯೇ ಬೆಟ್ಟದ ಮೇಲೆ ವಿದ್ಯುತ್ ಕೊಡುತ್ತದೆ.

ಮುಂದಿನವನ ಮರೆಯಲ್ಲಿ

ಮುಂದೆ ಹೋಗುವ ವಸ್ತು ಗಾಳಿಯನ್ನು ಸೀಳಿಕೊಂಡು ಹೋದಾಗ ಅದರ ಹಿಂದೆ ಒತ್ತಡ ಕಡಿಮೆ ಇರುವ, ಸುಳಿ ತುಂಬಿದ ಒಂದು ಜಾಗ ಉಳಿಯುತ್ತದೆ. ಅಲ್ಲಿನ ಗಾಳಿಯೂ ಮುಂದಿನ ವಸ್ತುವಿನ ಜೊತೆಗೆ ಒಂದಷ್ಟು ಸಾಗುತ್ತಿರುತ್ತದೆ. ಆ ಮರೆಗೆ ಸೇರಿಕೊಂಡ ಸವಾರನಿಗೆ ಎದುರು ಗಾಳಿ ತಗ್ಗುತ್ತದೆ. ಸೈಕ್ಲಿಂಗ್‌ನಲ್ಲಿ ಇದನ್ನು ಡ್ರಾಫ್ಟಿಂಗ್ ಎನ್ನುತ್ತಾರೆ. ರಸ್ತೆ ರೇಸಿನಲ್ಲಿ ಸವಾರರು ಒತ್ತಾಗಿ ಗುಂಪು ಕಟ್ಟಿ, ಸರದಿಯ ಮೇಲೆ ಮುಂದೆ ಬಂದು ಗಾಳಿ ತಡೆಯುವುದು ಇದಕ್ಕಾಗಿಯೇ. 2018ರಲ್ಲಿ ಬರ್ಟ್ ಬ್ಲಾಕೆನ್ ಮತ್ತು ಸಂಗಡಿಗರು 121 ಸವಾರರ ಗುಂಪಿನ ಮಾದರಿಯನ್ನು ಗಾಳಿಸುರಂಗದಲ್ಲೂ ಕಂಪ್ಯೂಟರಿನಲ್ಲೂ ಪರೀಕ್ಷಿಸಿದರು. ಗುಂಪಿನ ನಡುವೆ, ಹಿಂಭಾಗದಲ್ಲಿ ಇರುವವನಿಗೆ ಒಬ್ಬನೇ ಹೋಗುವವನ ತಡೆಯ ಶೇ. 5ರಿಂದ 10ರಷ್ಟು ಮಾತ್ರ ತಗಲುತ್ತದೆ ಎಂದು ಕಂಡುಬಂತು.

ನಮ್ಮ ರಾಜ್ಯದಲ್ಲಿ ಸೈಕಲ್ ರೇಸ್ ಎಂದರೆ ಮೊದಲು ನೆನಪಾಗುವುದು ವಿಜಯಪುರ, ಬಾಗಲಕೋಟೆ ಸೀಮೆ. ವಿಜಯಪುರದಲ್ಲಿ ಸೈಕ್ಲಿಂಗ್‌ಗೆಂದೇ ಸರ್ಕಾರದ ಕ್ರೀಡಾ ನಿಲಯವಿದೆ. ಅಲ್ಲಿನ ಮಕ್ಕಳೂ ನಮ್ಮ ಮಕ್ಕಳಂತೆಯೇ ರೈತರ ಮನೆಯವರು. ಈ ಮಾತನ್ನು ತರಗತಿಯಲ್ಲಿ ಹೇಳಿದರೆ ರೇಸು ದೂರದೇಶದ ಸಂಗತಿಯಾಗಿ ಉಳಿಯುವುದಿಲ್ಲ.

ಮೋಟಾರ್ ಹಿಂದಿನ ತರಬೇತಿ

ಒಬ್ಬನೇ ಅಭ್ಯಾಸ ಮಾಡುವವನಿಗೆ ರೇಸಿನ ವೇಗ ಸಿಗುವುದಿಲ್ಲ. ಆ ವೇಗದಲ್ಲಿ ಕಾಲು ತಿರುಗಿಸುವುದನ್ನು ರೂಢಿಸಿಕೊಳ್ಳಲು ತರಬೇತುದಾರ ಸ್ಕೂಟರ್ ಅಥವಾ ಬೈಕ್ ಮೇಲೆ ಮುಂದೆ ಹೋಗುತ್ತಾನೆ, ಸವಾರ ಅದರ ಮರೆಯಲ್ಲಿ ತುಳಿಯುತ್ತಾನೆ. ಇದು ಮೋಟಾರ್ ಪೇಸಿಂಗ್. ತರಬೇತಿಗಷ್ಟೇ ಅಲ್ಲ, ಸ್ಪರ್ಧೆಗೂ ಇದು ಹಳೆಯದು. ಬೈಕ್ ಹಿಂದೆ ಸೈಕಲ್ ಓಡಿಸುವ ‘ಸ್ಟೇಯರ್’ ಸ್ಪರ್ಧೆ 1994ರವರೆಗೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿತ್ತು. ಜಪಾನಿನಲ್ಲಿ 1948ರಲ್ಲಿ ಆರಂಭವಾದ ಕೇರಿನ್ ಸ್ಪರ್ಧೆ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸೇರಿತು. ಅಂತರರಾಷ್ಟ್ರೀಯ ಕೇರಿನ್‌ನಲ್ಲಿ ಮುಂದಿನ ಮೋಟಾರ್ ವಾಹನ 30 ಕಿ.ಮೀ. ವೇಗದಿಂದ ಹಂತಹಂತವಾಗಿ 50ಕ್ಕೆ ಏರಿ, ಮೂರು ಸುತ್ತು ಉಳಿದಾಗ ಟ್ರ್ಯಾಕಿನಿಂದ ಹೊರಗೆ ಹೋಗುತ್ತದೆ. ನಿಜವಾದ ಪೈಪೋಟಿ ಶುರುವಾಗುವುದು ಆಮೇಲೆ.

ಮಕ್ಕಳ ಕಣ್ಣರಳಿಸುವ ದಾಖಲೆಗಳೂ ಇವೆ. 1899ರ ಜೂನ್ 30ರಂದು ಅಮೆರಿಕದ ಲಾಂಗ್ ಐಲೆಂಡ್‌ನಲ್ಲಿ ಚಾರ್ಲ್ಸ್ ಮರ್ಫಿ ರೈಲಿನ ಹಿಂದೆ, ಹಳಿಗಳ ನಡುವೆ ಹಾಸಿದ ಹಲಗೆಯ ಮೇಲೆ ಸೈಕಲ್ ತುಳಿದು, ಒಂದು ಮೈಲಿಯನ್ನು 57.8 ಸೆಕೆಂಡಿನಲ್ಲಿ ಮುಗಿಸಿದ. ಇದು ಗಂಟೆಗೆ ಎಷ್ಟು ಕಿ.ಮೀ. ಎಂಬ ಲೆಕ್ಕವನ್ನು ಮಕ್ಕಳಿಗೇ ಕೊಡಿ. ಉತ್ತರ ಸುಮಾರು 100 ಬರುತ್ತದೆ. ಬಾನವಿಲ್‌ನ ಉಪ್ಪಿನ ಬಯಲಿನಲ್ಲಿ 1995ರಲ್ಲಿ ಫ್ರೆಡ್ ರಾಂಪೆಲ್‌ಬರ್ಗ್ ಸುಮಾರು 268 ಕಿ.ಮೀ., 2018ರಲ್ಲಿ ಡೆನಿಸ್ ಮುಲ್ಲರ್ ಕೊರೆನೆಕ್ ಎಂಬ ಮಹಿಳೆ ಸುಮಾರು 296 ಕಿ.ಮೀ. ವೇಗ ಮುಟ್ಟಿದರು. ಇಬ್ಬರ ಮುಂದೆಯೂ ಗಾಳಿಮರೆ ಕಟ್ಟಿದ ಕಾರು ಓಡುತ್ತಿತ್ತು. ಮನುಷ್ಯನ ಕಾಲಿಗೆ ಅಷ್ಟು ಸಾಮರ್ಥ್ಯವಿಲ್ಲ. ಗಾಳಿಯನ್ನು ಕಾರು ತಳ್ಳಿತು, ಹೀಗಾಗಿ ಕಾಲಿಗೆ ಉಳಿದ ಕೆಲಸ ಸಾಧ್ಯವಾಯಿತು.

ಪಾಠ ಇಲ್ಲಿಗೇ ನಿಂತರೆ ಮರುದಿನ ಬೆಳಿಗ್ಗೆ ನಾಲ್ಕು ಮಕ್ಕಳು ಲಾರಿಯ ಹಿಂದೆ ಇರುತ್ತಾರೆ. ಆದ್ದರಿಂದ ಅದೇ ಅವಧಿಯಲ್ಲಿ ಎರಡನೇ ಮುಖಕ್ಕೂ ಬರಬೇಕು.

ಎರಡು ಮೀಟರಿನ ಲೆಕ್ಕ

ಮರೆಯ ಲಾಭ ಚೆನ್ನಾಗಿ ಸಿಗಬೇಕಾದರೆ ಹತ್ತಿರ ಇರಬೇಕು. ಮುಂದಿನ ವಾಹನಕ್ಕೂ ಸೈಕಲ್ಲಿಗೂ 2 ಮೀಟರ್ ಅಂತರವಿದೆ, ಇಬ್ಬರ ವೇಗವೂ ಒಂದೇ ಎಂದುಕೊಳ್ಳಿ. ಚಾಲಕ ಗಟ್ಟಿಯಾಗಿ ಬ್ರೇಕ್ ಹಾಕಿದ. ಒಣಗಿದ ಟಾರು ರಸ್ತೆಯಲ್ಲಿ ವಾಹನದ ವೇಗ ಪ್ರತಿ ಸೆಕೆಂಡಿಗೆ 6 ಮೀ./ಸೆ. ಇಳಿಯುತ್ತದೆ ಎಂದು ಇಟ್ಟುಕೊಳ್ಳೋಣ. ಹಿಂದಿನವನು ಗಾಬರಿಯಿಂದ ಎಚ್ಚೆತ್ತು ಬ್ರೇಕ್ ಹಿಡಿಯಲು ಸುಮಾರು ಒಂದು ಸೆಕೆಂಡ್ ಬೇಕು. ಆವರೆಗೆ ಅವನ ವೇಗ ಬದಲಾಗುವುದಿಲ್ಲ. ಅಂತರ ಕರಗುವ ದೂರ ½ × 6 × t². ಅದು 2 ಮೀಟರ್ ಆಗಲು ಬೇಕಾದ ಕಾಲ ಸುಮಾರು 0.8 ಸೆಕೆಂಡ್. ಬೆರಳು ಬ್ರೇಕಿಗೆ ತಲುಪುವ ಮೊದಲೇ ಡಿಕ್ಕಿ ಆಗಿರುತ್ತದೆ.

ಈ ಲೆಕ್ಕದಲ್ಲಿ ಆರಂಭದ ವೇಗ ಎಲ್ಲಿಯೂ ಬರಲಿಲ್ಲ ಎಂಬುದನ್ನು ಮಕ್ಕಳಿಗೆ ತೋರಿಸಿ. 40 ಕಿ.ಮೀ. ವೇಗದಲ್ಲಿದ್ದರೂ 20ರಲ್ಲಿದ್ದರೂ ಅದೇ 0.8 ಸೆಕೆಂಡ್. “ನಾನು ನಿಧಾನಕ್ಕೇ ಹೋಗ್ತೀನಿ ಸಾರ್” ಎಂಬ ವಾದಕ್ಕೆ ಇದೇ ಉತ್ತರ. ಮೇಲಿನ ಹಲಗೆಯ ಲೆಕ್ಕವನ್ನೂ ಇದರ ಪಕ್ಕದಲ್ಲಿ ಇಡಿ. 20 ಕಿ.ಮೀ. ವೇಗದಲ್ಲಿ ಗಾಳಿ ತಳ್ಳಲು ಬೇಕಾದ ಸಾಮರ್ಥ್ಯ 40ರಲ್ಲಿ ಬೇಕಾದುದರ ಎಂಟನೇ ಒಂದು ಭಾಗ. ಅಂದರೆ ಶಾಲೆಯ ಸೈಕಲ್ಲಿನ ವೇಗದಲ್ಲಿ ಲಾಭ ತೀರಾ ಇಳಿಯುತ್ತದೆ, ಡಿಕ್ಕಿಗೆ ಸಿಗುವ ಸಮಯ ಮಾತ್ರ ಒಂದಿಷ್ಟೂ ಹೆಚ್ಚುವುದಿಲ್ಲ.

ಇನ್ನೊಂದು ಅಪಾಯ ಕಣ್ಣಿನದು. ಗಾಳಿಗೆ ಮರೆಯಾದದ್ದು ನೋಟಕ್ಕೂ ಮರೆಯೇ. ಲಾರಿ ಗುಂಡಿಯನ್ನು ಎರಡು ಚಕ್ರಗಳ ನಡುವೆ ಬಿಟ್ಟುಕೊಂಡು ದಾಟುತ್ತದೆ. ಹಿಂದಿನ ಸೈಕಲ್ಲಿಗೆ ಆ ಗುಂಡಿ ಕಾಣುವುದು ಮುಂದಿನ ಚಕ್ರ ಅದರೊಳಗೆ ಇಳಿದಾಗ. ತೀರಾ ಹತ್ತಿರ ಹಿಂದೆ ಇರುವ ಸೈಕಲ್ ಲಾರಿ ಚಾಲಕನ ಕನ್ನಡಿಯಲ್ಲೂ ಕಾಣುವುದಿಲ್ಲ.

ಹಾಗಾದರೆ ರೇಸಿನವರು ಹೇಗೆ ಮಾಡುತ್ತಾರೆ? ಈ ಪ್ರಶ್ನೆ ಮಕ್ಕಳಿಂದಲೇ ಬರಲಿ. ಸ್ಟೇಯರ್ ಸ್ಪರ್ಧೆ ನಡೆಯುವುದು ಸುತ್ತುಗಟ್ಟಿದ ಟ್ರ್ಯಾಕಿನಲ್ಲಿ. ಅಲ್ಲಿ ಗುಂಡಿಯಿಲ್ಲ, ಎದುರು ವಾಹನವಿಲ್ಲ, ದನಕರು ಅಡ್ಡ ಬರುವುದಿಲ್ಲ. ಬೈಕ್‌ನ ಹಿಂದೆ ತಾನೇ ತಿರುಗುವ ಒಂದು ಉರುಳೆ ಇರುತ್ತದೆ, ಸೈಕಲ್ಲಿನ ಚಕ್ರ ತಾಗಿದರೆ ಉರುಳೆ ಉರುಳಿ ಸವಾರನನ್ನು ಉಳಿಸುತ್ತದೆ. ಬೈಕ್ ಸವಾರನ ಶಿರಸ್ತ್ರಾಣದ ಕಿವಿಯ ತೆರಪು ಹಿಂದಕ್ಕೆ ಮುಖ ಮಾಡಿರುತ್ತದೆ, ಹಿಂದಿನವನ ಕೂಗು ಕೇಳಲೆಂದು. ಅವನ ಇಡೀ ಕೆಲಸವೇ ಹಿಂದಿನವನನ್ನು ಕಾಯುವುದು. ವೇಗ ಇಳಿಸಬೇಕಾದರೆ ನಿಧಾನವಾಗಿ ಇಳಿಸುತ್ತಾನೆ, ಥಟ್ಟನೆ ಬ್ರೇಕ್ ಹಾಕುವುದಿಲ್ಲ. ಇಷ್ಟಾದರೂ ಆ ಕ್ರೀಡೆಯಲ್ಲಿ ಸಾವುಗಳಾಗಿವೆ. ಮರ್ಫಿಯನ್ನೂ ಕೊನೆಯಲ್ಲಿ ರೈಲಿನ ಹಿಂಬದಿಯಲ್ಲಿದ್ದವರು ಸೈಕಲ್ ಸಮೇತ ಮೇಲಕ್ಕೆ ಎಳೆದುಕೊಳ್ಳಬೇಕಾಯಿತು. ರಸ್ತೆ ರೇಸಿನಲ್ಲಿ ವಾಹನದ ಮರೆ ಹಿಡಿದವರಿಗೆ ದಂಡನೆಯುಂಟು. ನಮ್ಮ ರಸ್ತೆಯ ಲಾರಿ ಚಾಲಕನಿಗೆ ಹಿಂದೆ ಮಗುವಿದೆ ಎಂಬುದೇ ಗೊತ್ತಿರುವುದಿಲ್ಲ. ವ್ಯತ್ಯಾಸವೆಲ್ಲ ಇದರಲ್ಲಿದೆ.

ಮೂರು ಚಟುವಟಿಕೆಗಳು

ಒಂದು: ಮೇಜಿನ ಮೇಲೆ ಒಂದು ಕಡ್ಡಿ ನಿಲ್ಲಿಸಿ ಅದಕ್ಕೆ ನೂಲಿನ ಎಳೆಗಳನ್ನು ಕಟ್ಟಿ. ಟೇಬಲ್ ಫ್ಯಾನಿನಿಂದ ಗಾಳಿ ಬಿಡಿ. ಕರೆಂಟ್ ಇಲ್ಲದಿದ್ದರೆ ಬೀಸಣಿಗೆ ಸಾಕು. ಎಳೆಗಳು ಹಿಂದಕ್ಕೆ ಹಾರುತ್ತವೆ. ಈಗ ಕಡ್ಡಿಯ ಮುಂದೆ ಪರೀಕ್ಷೆಯ ಪ್ಯಾಡ್ ಅಡ್ಡ ಹಿಡಿಯಿರಿ. ಎಳೆಗಳು ಜೋತು ಬೀಳುತ್ತವೆ, ಕೆಲವು ಪ್ಯಾಡಿನ ಕಡೆಗೇ ವಾಲುತ್ತವೆ. ಪ್ಯಾಡನ್ನು ತೆಗೆದು ದುಂಡನೆಯ ನೀರಿನ ಬಾಟಲಿ ಇಡಿ. ಗಾಳಿ ಬಾಟಲಿಯ ಮೈಸುತ್ತಿ ಬಂದು ಎಳೆಗಳನ್ನು ಮತ್ತೆ ಅಲುಗಿಸುತ್ತದೆ. ಚಪ್ಪಟೆ ಬೆನ್ನಿನ ಲಾರಿಯ ಮರೆ ಏಕೆ ದೊಡ್ಡದು ಎಂಬುದು ಇದರಿಂದ ತಿಳಿಯುತ್ತದೆ.

ಎರಡು: ಒಬ್ಬರು ಅಳತೆಪಟ್ಟಿಯನ್ನು ಮೇಲಿನಿಂದ ಬಿಡಲಿ, ಇನ್ನೊಬ್ಬರು ಬೆರಳಲ್ಲಿ ಹಿಡಿಯಲಿ. 20 ಸೆಂ.ಮೀ.ಗೆ ಹಿಡಿದರೆ ಪ್ರತಿಕ್ರಿಯೆಯ ಕಾಲ 0.2 ಸೆಕೆಂಡ್, 30 ಸೆಂ.ಮೀ.ಗೆ ಹಿಡಿದರೆ ಸುಮಾರು 0.25. ಇದು ಕಾದು ಕುಳಿತವರ ಕಾಲ. ಮಾತಾಡುತ್ತ ಸೈಕಲ್ ತುಳಿಯುವವರಿಗೆ ಇದರ ಕೆಲವು ಪಟ್ಟು ಬೇಕು ಎಂದು ವಿವರಿಸಿ.

ಮೂರು: ಮೈದಾನದಲ್ಲಿ ಇಬ್ಬರು ಒಂದೇ ಹೆಜ್ಜೆ ಅಂತರದಲ್ಲಿ ಚುರುಕಾಗಿ ನಡೆಯಲಿ. ಮುಂದಿನವರು ತಮಗಿಷ್ಟ ಬಂದಾಗ ಥಟ್ಟನೆ ನಿಲ್ಲಲಿ. ಹಿಂದಿನವರು ಮುಟ್ಟದೆ ನಿಲ್ಲಲು ಎಷ್ಟು ಹೆಜ್ಜೆ ಅಂತರ ಬೇಕು ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ. ಇದನ್ನು ನಡೆದೇ ಮಾಡಿಸಬೇಕು, ಸೈಕಲ್ ಬೇಡ.

ಪ್ರಶಿಕ್ಷಣಾರ್ಥಿಗಳಿಗೆ

ಎಂಟನೇ ತರಗತಿಗೆ ಚಟುವಟಿಕೆಗಳು ಮತ್ತು ವರ್ಗ, ಘನಗಳ ಪಟ್ಟಿ ಸಾಕು. 0.8 ಸೆಕೆಂಡಿನ ಫಲಿತಾಂಶವನ್ನು ಹೇಳಿ, ಸಮೀಕರಣವನ್ನು ಒಂಬತ್ತನೇ ತರಗತಿಯ ‘ಚಲನೆ’ ಪಾಠಕ್ಕೆ ಬಿಡಿ. ನಲವತ್ತು ನಿಮಿಷದ ಅವಧಿಯಲ್ಲಿ ಮೊದಲ ಮುಖಕ್ಕೆ ಇಪ್ಪತ್ತು ನಿಮಿಷ ಮೀರಬಾರದು. ಮರ್ಫಿಯ ಕಥೆ ರುಚಿಯಾದದ್ದು, ಅದರಲ್ಲೇ ಗಂಟೆ ಹೊಡೆದುಬಿಡುವ ಸಂಭವವಿದೆ. ಎದುರು ಗಾಳಿಗೆ ಏನು ಮಾಡಬೇಕು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಮೈ ಸ್ವಲ್ಪ ಬಗ್ಗಿಸಿ, ವೇಗ ಇಳಿಸಿ, ಹತ್ತು ನಿಮಿಷ ಮುಂಚೆ ಮನೆ ಬಿಡಿ ಎಂದು ನೇರವಾಗಿ ಹೇಳಬೇಕು.

ಮೌಲ್ಯಮಾಪನಕ್ಕೆ ‘ಡ್ರಾಫ್ಟಿಂಗ್ ಎಂದರೇನು?’ ಎಂಬ ಪ್ರಶ್ನೆ ಬೇಡ. ಇದನ್ನು ಕೇಳಿ: “ನಿನ್ನ ತಂಗಿ ಲಾರಿಯ ಹಿಂದೆ ಸೈಕಲ್ ಬಿಡುತ್ತಾಳೆ, ಸುಲಭವಾಗುತ್ತದೆ ಎನ್ನುತ್ತಾಳೆ. ಅವಳ ಮಾತಿನಲ್ಲಿ ಸರಿ ಯಾವುದು? ಅವಳಿಗೆ ನೀನು ಏನು ಹೇಳುತ್ತೀಯ?” ಎರಡೂ ಭಾಗಕ್ಕೆ ಕಾರಣ ಸಹಿತ ಉತ್ತರ ಬಂದರೆ ಮಾತ್ರ ಕಲಿಕಾಂಶ ಸಾಧಿಸಿದೆ ಎಂದು ಪಾಠ ಯೋಜನೆಯಲ್ಲಿ ಗುರುತು ಹಾಕಿ.