ಕಾಮಾ ಒಳಗಿದೆಯೋ, ಹೊರಗಿದೆಯೋ?

ಹಿಪ್ಪಾರ್ಕಸ್ ಉಪಗ್ರಹದ 1,18,218 ನಕ್ಷತ್ರಗಳ ಪಟ್ಟಿಯನ್ನು ಐರೋಪ್ಯ ಬಾಹ್ಯಾಕಾಶ ಸಂಸ್ಥೆ 1997ರಲ್ಲಿ ಪ್ರಕಟಿಸಿದ್ದು ನೆದರ್‌ಲೆಂಡ್ಸ್‌ನ ಕಡಲತಡಿಯ ಊರು ನೂರ್ಡ್‌ವೈಕ್‌ನಿಂದ. ಮುಖ್ಯ ಕಡತದಲ್ಲಿ ನಕ್ಷತ್ರಕ್ಕೊಂದು ಸಾಲು, ಸಾಲಿಗೆ 78 ಕಲಂ. ನಡುವೆ ಕಾಮಾ ಇಲ್ಲ, ನೆಟ್ಟನೆಯ ಗೀಟು. ಜಾಣತನವೇ ಸರಿ. ಡಚ್ಚರು ಮೂರೂವರೆಯನ್ನು 3,5 ಎಂದು ಬರೆಯುವವರು. ಕಾಮಾ ಕಂಡಲ್ಲೆಲ್ಲ ಕತ್ತರಿಸಿದರೆ ಅದು ಎರಡು ಕಲಂ ಆಗಿಬಿಡುತ್ತದೆ. ಅಲ್ಲಿನ ಎಕ್ಸೆಲ್, ಕಲಂಗಳ ನಡುವೆ ಕಾಮಾ ಇರಬೇಕಾದ ಸಿಎಸ್‌ವಿ ಕಡತಕ್ಕೆ ಸೆಮಿಕೋಲನ್ ಹಾಕುವುದು ಇದಕ್ಕೇ.

ನಮ್ಮಲ್ಲಿ ತಕರಾರು ವಿಳಾಸಗಳದು:

204,"""ಶ್ರೀನಿಲಯ"", 8ನೇ ಅಡ್ಡರಸ್ತೆ",ಮಲ್ಲೇಶ್ವರಂ

ಇದರಲ್ಲಿರುವುದು ಮೂರೇ ಕಲಂ. ಸಾಲನ್ನು ಬಿಡಿಸುವ ಪಾರ್ಸರ್ ಒಂದೊಂದೇ ಅಕ್ಷರ ಓದುತ್ತಾ, ತಾನು ಉದ್ಧರಣ ಚಿಹ್ನೆಯ ಒಳಗಿದ್ದೇನೋ ಹೊರಗಿದ್ದೇನೋ ಎಂಬುದನ್ನು ನೆನಪಿಡುತ್ತದೆ. ಹೊರಗಿದ್ದಾಗ ಕಾಮಾ ಕಂಡರೆ ಕಲಂ ಮುಗಿಯಿತು. ಒಳಗಿದ್ದಾಗ ಕಾಮಾ ಬರೀ ಅಕ್ಷರ, ಸಾಲು ಮುರಿದರೂ ಅಷ್ಟೇ. ಒಳಗೆ ಚಿಹ್ನೆ ಸಿಕ್ಕರೆ ಮಾತ್ರ ಮುಂದಿನದನ್ನು ಇಣುಕಿ ನೋಡಬೇಕು: ಅದೂ ಚಿಹ್ನೆಯೇ ಆದರೆ ಎರಡೂ ಸೇರಿ ಒಂದು ನಿಜವಾದ ಚಿಹ್ನೆ, ಇಲ್ಲವಾದರೆ ಬಾಗಿಲು ಮುಚ್ಚಿತು. 2005ರ ಆರ್‌ಎಫ್‌ಸಿ 4180 ಎಂಬ ದಾಖಲೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಆ ಹೊತ್ತಿಗಾಗಲೇ ದಶಕಗಳ ಕಾಲ ಎಲ್ಲರೂ ತಮಗೆ ತೋಚಿದಂತೆ ಬರೆದಾಗಿತ್ತು.

ಹಾರ್ಡ್‌ವೇರ್ ಅಂಗಡಿಯ ಪಟ್ಟಿಯಲ್ಲಿ 4" ಪೈಪ್ ಎಂದಿದ್ದರೆ ಸಾಕು, ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಆ ಇಂಚಿನ ಗುರುತನ್ನು ತೆರೆದ ಬಾಗಿಲೆಂದು ತಿಳಿದು ಮುಂದಿನ ಸಾಲುಗಳನ್ನೆಲ್ಲ ನುಂಗುತ್ತಾ ಹೋಗುತ್ತದೆ. ದೂರು ಬರುವುದು ಇನ್ನೆಲ್ಲೋ. ಆದ್ದರಿಂದ ಮೊದಲು ಪ್ರತಿ ಸಾಲಿನ ಚಿಹ್ನೆಗಳನ್ನು ಎಣಿಸಿ, ಬೆಸ ಸಂಖ್ಯೆ ಬಂದ ಸಾಲುಗಳನ್ನು ಕಣ್ಣಿಟ್ಟು ನೋಡಬೇಕು.

ಖಾಲಿ ಕಲಂಗಳದು ಬೇರೆಯೇ ಕಥೆ. ಹಿಪ್ಪಾರ್ಕಸ್ ಪಟ್ಟಿಯ 263 ನಕ್ಷತ್ರಗಳಿಗೆ ಪ್ಯಾರಲಾಕ್ಸ್, ಅಂದರೆ ದೂರ ಲೆಕ್ಕಹಾಕುವ ಪುಟ್ಟ ಕೋನ, ಸಿಕ್ಕಿಲ್ಲ. ಜಾಗ ಖಾಲಿ. ಅಲ್ಲಿ ಸೊನ್ನೆ ತುಂಬಿದಿರೋ, ಅವು ಅನಂತ ದೂರಕ್ಕೆ ಹೋದವು!

ಶುದ್ಧಿ ಮಾಡಲು ಕಡತವನ್ನು ಎಕ್ಸೆಲ್‌ನಲ್ಲಿ ತೆರೆಯುವ ಚಟ ಬಿಡುವುದೇ ಲೇಸು. ಹಿಪ್ಪಾರ್ಕಸ್‌ನ ವಾರಸುದಾರ ಗಾಯಾ ಉಪಗ್ರಹದ 2022ರ ಪಟ್ಟಿ ಕಾಮಾ ಕಡತಗಳಲ್ಲೇ ಸಿಗುತ್ತದೆ. ಸುಮಾರು 180 ಕೋಟಿ ಆಕಾಶಕಾಯಗಳು, ಬಹುಪಾಲಿನ ಗುರುತು ಸಂಖ್ಯೆಗೆ 19 ಅಂಕಿ. ಎಕ್ಸೆಲ್ ಉಳಿಸಿಕೊಳ್ಳುವುದು 15 ಅಂಕಿ, ಉಳಿದ ನಾಲ್ಕು ಸೊನ್ನೆ. ಅಕ್ಕಪಕ್ಕದ ನಕ್ಷತ್ರಗಳಿಗೆ ಒಂದೇ ಸಂಖ್ಯೆ ಬಂದುಬಿಡಬಹುದು. ನಮ್ಮ ಬೆಂಗಳೂರಿನ ದೂರವಾಣಿ ಕೋಡ್ 080 ಕೂಡ ಅಲ್ಲಿ 80 ಆಗುತ್ತದೆ. ಎಲ್ಲ ಕಲಂಗಳನ್ನೂ ಪಠ್ಯವಾಗಿಯೇ ಒಂದು ತಾತ್ಕಾಲಿಕ ಕೋಷ್ಟಕಕ್ಕೆ ಇಳಿಸಿ, ಸಂಖ್ಯೆ, ದಿನಾಂಕಗಳ ಪರಿವರ್ತನೆಯನ್ನು ಅಲ್ಲಿಂದ ಮುಂದೆ ಡೇಟಾಬೇಸ್‌ನಲ್ಲೇ ಮಾಡಿಕೊಳ್ಳಬಹುದು.