ನೆಲಕ್ಕೆ ಕಿವಿ ಇಡುವವರು: ಕಾವಲು ಸಂವೇದಕ ತಂಡಗಳ ತರಬೇತಿ ಹೇಗೆ?

ನಿರ್ಜನ ಗಡಿಪ್ರದೇಶದ ಕಾಲುದಾರಿಯೊಂದರಲ್ಲಿ ನಡುರಾತ್ರಿ ಕೆಲವರು ನಡೆದುಹೋಗುತ್ತಾರೆ. ಅಲ್ಲಿ ಕಾವಲಿನವರಿಲ್ಲ, ದೀಪವಿಲ್ಲ, ಕ್ಯಾಮೆರಾ ಕೂಡ ಇಲ್ಲ. ಆದರೂ ಹಲವು ಕಿಲೋಮೀಟರ್ ದೂರದ ಠಾಣೆಯಲ್ಲಿ ಕುಳಿತ ಸೈನಿಕನ ಮುಂದಿರುವ ಪೆಟ್ಟಿಗೆಯ ಮೇಲೆ ಒಂದು ಸಂಖ್ಯೆ ಮೂಡುತ್ತದೆ. ಕೆಲವು ನಿಮಿಷಗಳ ತರುವಾಯ ಇನ್ನೊಂದು ಸಂಖ್ಯೆ. ಬಂದವರು ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಸಾಗುತ್ತಿದ್ದಾರೆ, ಅಂದಾಜು ಎಷ್ಟು ಮಂದಿ ಇರಬಹುದು ಎಂಬುದನ್ನು ಆತ ಅಷ್ಟರಿಂದಲೇ ಲೆಕ್ಕ ಹಾಕುತ್ತಾನೆ.

ಇದು ಸಾಧ್ಯವಾಗುವುದು ನೆಲದಲ್ಲಿ ಹುದುಗಿಸಿಟ್ಟ ಕಾವಲು ಸಂವೇದಕಗಳಿಂದ, ಅಂದರೆ ಗ್ರೌಂಡ್ ಸೆನ್ಸರ್‌ಗಳಿಂದ. ಈ ಉಪಕರಣಗಳ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ. ಆದರೆ ಅವನ್ನು ಹೊತ್ತೊಯ್ದು, ಸದ್ದಿಲ್ಲದೆ ಹೂತು, ಗುರುತು ಬರೆದುಕೊಂಡು ಮರಳುವ ನಾಲ್ಕಾರು ಮಂದಿಯ ತಂಡದ ಬಗ್ಗೆ ಮಾತು ಕಡಿಮೆ. ವಾಸ್ತವದಲ್ಲಿ ಸಂವೇದಕ ನೀಡುವ ಸೂಚನೆಗೆ ಅರ್ಥ ಬರುವುದು ಈ ತಂಡದ ಕೆಲಸದಿಂದ. ಅದಕ್ಕೆಂದೇ ಪ್ರತ್ಯೇಕ ತರಬೇತಿಯ ಕ್ರಮವೊಂದು ಬೆಳೆದುಬಂದಿದೆ.

ವಿಯೆಟ್ನಾಂ ಕಲಿಸಿದ ಪಾಠ

ಸಂವೇದಕಗಳನ್ನು ದೊಡ್ಡ ಪ್ರಮಾಣದಲ್ಲಿ ಯುದ್ಧಕ್ಕೆ ಬಳಸಿದ್ದು ವಿಯೆಟ್ನಾಂನಲ್ಲಿ. ಲಾವೋಸ್ ಮೂಲಕ ಹಾದುಹೋಗುತ್ತಿದ್ದ ಹೋ ಚಿ ಮಿನ್ ಹಾದಿಯಲ್ಲಿನ ಸಂಚಾರ ಪತ್ತೆಹಚ್ಚಲು ಅಮೆರಿಕ 1967ರ ಕೊನೆಯಲ್ಲಿ ‘ಇಗ್ಲೂ ವೈಟ್’ ಎಂಬ ಕಾರ್ಯಾಚರಣೆ ಆರಂಭಿಸಿತು. ಕಾಡಿನ ಗಿಡದಂತೆ ಕಾಣುವ ಆಂಟೆನಾ ಹೊತ್ತ ಸಂವೇದಕಗಳನ್ನು ವಿಮಾನಗಳಿಂದ ಉದುರಿಸಲಾಯಿತು. ಅವುಗಳ ಸಂಕೇತ ಆಕಾಶದಲ್ಲಿ ಸುತ್ತುತ್ತಿದ್ದ ಇನ್ನೊಂದು ವಿಮಾನದ ಮೂಲಕ ಥಾಯ್ಲೆಂಡಿನ ನಖೋನ್ ಫನೋಮ್ ನೆಲೆಯ ಗಣಕಯಂತ್ರ ಕೇಂದ್ರಕ್ಕೆ ತಲುಪುತ್ತಿತ್ತು.

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಸಂವೇದಕ ಉದುರಿಸಲು ಕೆಳಮಟ್ಟದಲ್ಲಿ ನಿಧಾನವಾಗಿ ಹಾರಬೇಕಿದ್ದ ಅಮೆರಿಕ ನೌಕಾಪಡೆಯ ವಿಒ-67 ವಿಮಾನದಳ 1968ರ ಜನವರಿ ಮತ್ತು ಫೆಬ್ರವರಿ ತಿಂಗಳುಗಳಲ್ಲೇ ಮೂರು ನೆಪ್ಚೂನ್ ವಿಮಾನಗಳನ್ನೂ 20 ಮಂದಿ ಯೋಧರನ್ನೂ ಕಳೆದುಕೊಂಡಿತು.

ಅದೇ ಅವಧಿಯಲ್ಲಿ ಕೇ ಸಾನ್ ನೆಲೆಗೆ ಉತ್ತರ ವಿಯೆಟ್ನಾಂ ಸೇನೆ ಮುತ್ತಿಗೆ ಹಾಕಿತ್ತು. 77 ದಿನಗಳ ಆ ಮುತ್ತಿಗೆಯಲ್ಲಿ ನೆಲೆಯ ಸುತ್ತ ಉದುರಿಸಿದ ಸಂವೇದಕಗಳು ಬಹಳಷ್ಟು ಉಪಯೋಗಕ್ಕೆ ಬಂದವು. ಆದರೆ ಅವುಗಳ ಮಿತಿಯೂ ಅಲ್ಲಿಯೇ ಬಯಲಾಯಿತು. ಫೆಬ್ರವರಿ ಮೊದಲ ವಾರದಲ್ಲಿ ದೊಡ್ಡ ಪಡೆಯೊಂದು ಚಲಿಸುತ್ತಿರುವ ಸೂಚನೆ ದೊರೆತಾಗ ದಾಳಿ 881 ಸೌತ್ ಗುಡ್ಡದ ಮೇಲೆ ಬರಬಹುದೆಂದು ಊಹಿಸಿ ಫಿರಂಗಿಗಳನ್ನು ಹಾರಿಸಲಾಯಿತು. ಅಲ್ಲಿ ದಾಳಿ ನಡೆಯಲಿಲ್ಲ. ಆದರೆ ಫೆಬ್ರವರಿ 5ರ ನಸುಕಿನಲ್ಲಿ 861ಎ ಎಂಬ ಮತ್ತೊಂದು ಗುಡ್ಡದ ಮೇಲೆ ಶತ್ರುಪಡೆ ಮುಗಿಬಿದ್ದಿತು.

ವಿಮಾನದಿಂದ ಬಿದ್ದ ಸಂವೇದಕ ನಿಖರವಾಗಿ ಎಲ್ಲಿದೆ ಎಂಬುದನ್ನು ಅಂದಾಜು ಮಾಡಬೇಕಷ್ಟೆ. ಬಂಡೆಗೆ ಬಡಿದು ಒಡೆಯಿತೋ, ಮರದ ಕೊಂಬೆಗೆ ಸಿಕ್ಕಿಕೊಂಡಿತೋ ತಿಳಿಯುವುದಿಲ್ಲ. ಮನುಷ್ಯರೇ ಹೋಗಿ ಕೈಯಾರೆ ಇಟ್ಟುಬಂದರೆ ಈ ಅನುಮಾನಗಳು ಇರುವುದಿಲ್ಲ. ವಿಯೆಟ್ನಾಂ ನಂತರ ಅಮೆರಿಕದ ಮರೀನ್ ಪಡೆ ಸಂವೇದಕಗಳ ಕೆಲಸಕ್ಕೆಂದೇ ಪ್ರತ್ಯೇಕ ಪ್ಲಟೂನ್‌ಗಳನ್ನು ಇರಿಸಿಕೊಂಡಿತು. ಅಮೆರಿಕದ ಭೂಸೇನೆ ‘ರೆಂಬಾಸ್’ ಎಂಬ ಸಂವೇದಕ ವ್ಯವಸ್ಥೆಯನ್ನು ಬಳಕೆಗೆ ತಂದು, ಅದನ್ನು ನೆಡುವ ವಿಧಾನಕ್ಕೆ ಕೈಪಿಡಿಯನ್ನೇ ರಚಿಸಿತು.

ಮೂರು ಬಗೆಯ ಕಾವಲುಗಾರರು

ತರಬೇತಿಯ ಮೊದಲ ಪಾಠ ಉಪಕರಣಗಳ ಸ್ವಭಾವವನ್ನು ಅರಿಯುವುದು. ಭೂಕಂಪನ ಸಂವೇದಕದೊಳಗಿನ ಜಿಯೋಫೋನ್ ಎಂಬ ಭಾಗ ಹೆಜ್ಜೆ ಅಥವಾ ಚಕ್ರದಿಂದ ನೆಲದಲ್ಲಿ ಉಂಟಾಗುವ ಸೂಕ್ಷ್ಮ ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಮನುಷ್ಯರ ನಡಿಗೆಯನ್ನು ಇದು ಕೆಲವು ಹತ್ತು ಮೀಟರ್‌ಗಳಿಂದ ಗುರುತಿಸಬಲ್ಲದು. ಭಾರಿ ವಾಹನಗಳನ್ನು ನೂರಾರು ಮೀಟರ್‌ಗಳಿಂದಲೇ ಗುರುತಿಸುತ್ತದೆ.

ಅಯಸ್ಕಾಂತ ಸಂವೇದಕಕ್ಕೆ ಬೇಕಿರುವುದು ಲೋಹ. ಬಂದೂಕು ಹಿಡಿದ ವ್ಯಕ್ತಿ ಕೆಲವೇ ಮೀಟರ್ ಸಮೀಪ ಹಾದುಹೋದರೆ ಇದು ಎಚ್ಚರಗೊಳ್ಳುತ್ತದೆ. ಮೂರನೆಯದು ಅವಗೆಂಪು ಕಿರಣಗಳ, ಅರ್ಥಾತ್ ಇನ್‌ಫ್ರಾರೆಡ್ ಸಂವೇದಕ. ಮೈಶಾಖ ತನ್ನ ಎದುರು ಹಾದುಹೋದುದನ್ನು ಅದು ಗ್ರಹಿಸುತ್ತದೆ.

ಒಂದೊಂದಕ್ಕೂ ಒಂದೊಂದು ದೌರ್ಬಲ್ಯವಿದೆ. ಮಳೆ, ಬಿರುಗಾಳಿಗೆ ತೂಗುವ ಮರದ ಬೇರು, ಹರಿಯುವ ಹಳ್ಳ ಇವೆಲ್ಲ ಭೂಕಂಪನ ಸಂವೇದಕವನ್ನು ಮೋಸಗೊಳಿಸುತ್ತವೆ. ಸಡಿಲ ಮರಳು ಮತ್ತು ಹೊಸ ಹಿಮ ಕಂಪನವನ್ನು ನುಂಗಿಹಾಕುತ್ತವೆ. ಬಿಸಿಲಿಗೆ ಕಾದ ಬಂಡೆಯಾಗಲಿ, ಅಲುಗಾಡುವ ಹುಲ್ಲಾಗಲಿ ಎದುರಿಗಿದ್ದರೆ ಅವಗೆಂಪು ಸಂವೇದಕ ಸುಳ್ಳು ಸೂಚನೆ ನೀಡುತ್ತದೆ. ಆದುದರಿಂದ ಒಂದೇ ಬಗೆಯನ್ನು ನಂಬದೆ, ಕಂಪನ ಸಂವೇದಕದ ಜತೆಗೆ ಉಳಿದೆರಡರಲ್ಲಿ ಒಂದನ್ನಾದರೂ ಸೇರಿಸಿ ಸಾಲಾಗಿ ಇಡುವ ಪದ್ಧತಿಯಿದೆ. ಮೊದಲನೆಯದು ‘ಯಾರೋ ಬಂದರು’ ಎಂದರೆ ಎರಡನೆಯದು ಅದನ್ನು ದೃಢಪಡಿಸಬೇಕು.

ನಕ್ಷೆಯಿಂದ ನೆಲಕ್ಕೆ

ತರಬೇತಿಯಲ್ಲಿ ಅಗೆಯುವುದಕ್ಕಿಂತ ಮೊದಲು ಬರುವುದು ನಕ್ಷೆಯ ಅಭ್ಯಾಸ. ಶತ್ರು ಯಾವ ದಾರಿ ಹಿಡಿಯಬಹುದು, ದಾರಿ ಎಲ್ಲಿ ಕಿರಿದಾಗುತ್ತದೆ, ಸಂವೇದಕದ ರೇಡಿಯೋ ಸಂಕೇತಕ್ಕೆ ನಡುವೆ ಬೆಟ್ಟ ಅಡ್ಡ ಬರುತ್ತದೆಯೆ ಎಂಬುದನ್ನು ನೋಡಬೇಕು. ಈ ರೇಡಿಯೋಗಳ ಸಂಕೇತ ನೇರ ದೃಷ್ಟಿರೇಖೆಯಲ್ಲಿ ಸಾಗುವಂಥದು. ಅಡ್ಡ ಗುಡ್ಡವಿದ್ದರೆ ಅದರ ನೆತ್ತಿಯಲ್ಲಿ ಸಂಕೇತವನ್ನು ಮುಂದಕ್ಕೆ ದಾಟಿಸುವ ರಿಪೀಟರ್ ಇಡಬೇಕಾಗುತ್ತದೆ. ಹೊರಡುವ ಮುನ್ನ ಪ್ರತಿ ಸಂವೇದಕದ ಬ್ಯಾಟರಿ, ಗುರುತುಸಂಖ್ಯೆ ಮತ್ತು ರೇಡಿಯೋ ಚಾನೆಲ್‌ಗಳನ್ನು ಪರೀಕ್ಷಿಸಲಾಗುತ್ತದೆ. ಎರಡು ಸಂವೇದಕಗಳಿಗೆ ಒಂದೇ ಸಂಖ್ಯೆ ಬಿದ್ದರೆ ಠಾಣೆಯಲ್ಲಿರುವವನಿಗೆ ಯಾವುದು ಯಾವುದೆಂದೇ ತಿಳಿಯದು.

ಸ್ಥಳಕ್ಕೆ ತಲುಪಿದ ಮೇಲೆ ಕೆಲಸ ಹಂಚಿಕೆಯಾಗುತ್ತದೆ. ಒಬ್ಬ ಅಗೆಯುತ್ತಾನೆ, ಒಬ್ಬ ಬರೆದುಕೊಳ್ಳುತ್ತಾನೆ, ಉಳಿದವರು ದಾರಿಯ ಎರಡೂ ದಿಕ್ಕಿಗೆ ಕಾವಲಿರುತ್ತಾರೆ. ತೆಗೆದ ಮಣ್ಣನ್ನು ನೆಲದ ಮೇಲೆ ಚೆಲ್ಲದೆ ಬಟ್ಟೆಯ ಮೇಲೆ ಹಾಕಿಕೊಳ್ಳಬೇಕು. ಮೇಲಿನ ಹುಲ್ಲುಹೆಂಟೆಯನ್ನು ಮೊದಲು ಎತ್ತಿಟ್ಟು, ಕೊನೆಯಲ್ಲಿ ಹಾಗೆಯೇ ಮುಚ್ಚಬೇಕು. ಮಿಕ್ಕ ಮಣ್ಣನ್ನು ಹೊತ್ತುಕೊಂಡು ಹೋಗಿ ದೂರ ಚೆಲ್ಲಬೇಕು. ಜಿಯೋಫೋನ್ ಗಟ್ಟಿ ನೆಲಕ್ಕೆ ಬಿಗಿಯಾಗಿ ಕೂರದಿದ್ದರೆ ಹೆಜ್ಜೆಯ ಕಂಪನ ಅದಕ್ಕೆ ತಲುಪುವುದಿಲ್ಲ. ಸುತ್ತಲಿನ ಗಿಡಗಳ ನಡುವೆ ಬೆರೆತುಹೋಗುವಂತೆ ಆಂಟೆನಾವನ್ನು ಮರೆಮಾಚಬೇಕು.

ಬಳಿಕ ನಡಿಗೆಯ ಪರೀಕ್ಷೆ. ತಂಡದ ಒಬ್ಬ ಸದಸ್ಯ ಸಂವೇದಕದ ಬಳಿ ಹಾದುಹೋಗುತ್ತಾನೆ. ಸಂಕೇತ ಬಂದಿದೆ ಎಂಬುದು ಖಚಿತವಾಗುವವರೆಗೆ ತಂಡ ಜಾಗ ಬಿಡುವಂತಿಲ್ಲ. ಅಯಸ್ಕಾಂತ ಸಂವೇದಕದ ಬಳಿ ಕೆಲಸ ಮಾಡುವವರು ತಮ್ಮದೇ ಬಂದೂಕು, ಸನಿಕೆಗಳ ಲೋಹವನ್ನು ಮರೆಯಬಾರದು. ಇವೆಲ್ಲವನ್ನೂ ಮೊದಲು ಹಗಲಿನಲ್ಲಿ ಮೈದಾನದಲ್ಲಿ, ನಂತರ ಕತ್ತಲಲ್ಲಿ ಮಾತಿಲ್ಲದೆ ಕೈಸನ್ನೆಯಿಂದಲೇ ಮಾಡುವಷ್ಟು ಅಭ್ಯಾಸವಾಗಬೇಕು. ಸದ್ದು ಮಾಡಿದರೆ ಅಪಾಯ ತಂಡಕ್ಕೆ. ಗುರುತು ಉಳಿಸಿದರೆ ಅಪಾಯ ಮುಂದೆ ಆ ಸೂಚನೆಯನ್ನು ನಂಬುವವರಿಗೆ. ಏಕೆಂದರೆ ಸಂವೇದಕವನ್ನು ಕಂಡುಕೊಂಡ ಶತ್ರು ಸುಮ್ಮನೆ ಅದನ್ನು ಬಳಸಿ ಹೋಗಬಹುದು. ಠಾಣೆಯಲ್ಲಿರುವವರು ಆ ಮೌನವನ್ನು ‘ಯಾರೂ ಬರುತ್ತಿಲ್ಲ’ ಎಂದು ಅರ್ಥೈಸಿಕೊಳ್ಳುತ್ತಾರೆ.

ನೂರು ಮೀಟರ್ ತಪ್ಪಿದರೆ?

ತರಬೇತಿಯಲ್ಲಿ ಅತ್ಯಂತ ಕಟ್ಟುನಿಟ್ಟಾಗಿ ಕಲಿಸುವುದು ಬರವಣಿಗೆಯನ್ನು. ಪ್ರತಿ ಸಂವೇದಕದ ಬಗೆ, ಸಂಖ್ಯೆ, ನಕ್ಷೆಯ ಮೇಲಿನ ಸ್ಥಾನ, ದಾರಿಯಿಂದ ದೂರ, ಮುಂದಿನ ಸಂವೇದಕಕ್ಕೆ ಇರುವ ಅಂತರ ಮತ್ತು ದಿಕ್ಕನ್ನು ಅಲ್ಲಿಯೇ ದಾಖಲಿಸಬೇಕು. ಇದರ ಮಹತ್ವವನ್ನು ಒಂದು ಲೆಕ್ಕದಿಂದ ತಿಳಿಯಬಹುದು.

ಎರಡು ಸಂವೇದಕಗಳ ನಡುವೆ 300 ಮೀಟರ್ ಅಂತರವಿದೆ ಎಂದು ದಾಖಲೆ ಹೇಳುತ್ತದೆ ಎಂದಿಟ್ಟುಕೊಳ್ಳೋಣ. ಮೊದಲನೆಯದು ಎಚ್ಚರಗೊಂಡ 5 ನಿಮಿಷಕ್ಕೆ ಎರಡನೆಯದು ಎಚ್ಚರಗೊಂಡರೆ ನಡಿಗೆಯ ವೇಗ ನಿಮಿಷಕ್ಕೆ 60 ಮೀಟರ್. ಸಂಕೇತ 3 ನಿಮಿಷ ಮುಂದುವರಿದರೆ 60ನ್ನು 3ರಿಂದ ಗುಣಿಸಿ 180 ಮೀಟರ್. ಸಂವೇದಕ ಎರಡೂ ಬದಿಗೆ 30 ಮೀಟರ್‌ನಂತೆ ಗ್ರಹಿಸುವುದಾದರೆ ಆ 60 ಮೀಟರ್‌ಗಳನ್ನು ಕಳೆಯಬೇಕು. ಉಳಿಯುವ 120 ಮೀಟರ್ ಆ ಸಾಲಿನ ಉದ್ದ. ಒಬ್ಬರಿಗೂ ಇನ್ನೊಬ್ಬರಿಗೂ 5 ಮೀಟರ್ ಅಂತರವಿದ್ದರೆ ಸುಮಾರು 25 ಮಂದಿ. ಮುಂದೆ 2,400 ಮೀಟರ್ ದೂರದ ತಿರುವಿಗೆ ಅವರು ತಲುಪಲು 40 ನಿಮಿಷ ಬೇಕು.

ಆದರೆ ಕತ್ತಲಲ್ಲಿ ಹೆಜ್ಜೆ ಎಣಿಸಿದವನು ಎಡವಿ, ನಿಜವಾದ ಅಂತರ 400 ಮೀಟರ್ ಇದ್ದರೆ? ಆಗ ವೇಗ ನಿಮಿಷಕ್ಕೆ 80 ಮೀಟರ್. ಸಾಲಿನ ಉದ್ದ 180 ಮೀಟರ್. ಬರುತ್ತಿರುವವರು 37 ಮಂದಿ. ಅವರು ತಿರುವಿಗೆ ತಲುಪುವುದು 30 ನಿಮಿಷದಲ್ಲೇ. 25 ಮಂದಿಯನ್ನು ಎದುರಿಸಲು ಸಿದ್ಧವಾಗಿ, ಇನ್ನೂ ಹತ್ತು ನಿಮಿಷ ಸಮಯವಿದೆ ಎಂದುಕೊಂಡು ಹೊರಟ ಗಸ್ತುಪಡೆಯ ಗತಿಯೇನು? ಇಲ್ಲಿ ಯಂತ್ರ ತಪ್ಪಿಲ್ಲ, ಲೆಕ್ಕವೂ ತಪ್ಪಿಲ್ಲ. ತಪ್ಪಿದ್ದು ದಾಖಲೆಯಲ್ಲಿ ಬರೆದ ಒಂದೇ ಒಂದು ಅಂಕಿ.

ಈ ತತ್ವ ಕನ್ನಡ ನಾಡಿಗೆ ಅಪರಿಚಿತವೇನಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರ 1965ರಲ್ಲಿ ಗೌರಿಬಿದನೂರಿನಲ್ಲಿ ಸ್ಥಾಪಿಸಿದ ಭೂಕಂಪನ ಮಾಪನ ಜಾಲವೂ ಇದೇ ತರ್ಕವನ್ನು ಆಧರಿಸಿದೆ. ದೂರದ ದೇಶಗಳ ಭೂಕಂಪ ಹಾಗೂ ಭೂಗತ ಅಣುಸ್ಫೋಟಗಳ ಅಲೆಗಳು ಅಲ್ಲಿ ಹರಡಿರುವ ಮಾಪಕಗಳಿಗೆ ಯಾವ ಕ್ರಮದಲ್ಲಿ, ಎಷ್ಟು ಕಾಲದ ಅಂತರದಲ್ಲಿ ತಲುಪಿದವು ಎಂಬುದರಿಂದ ಅವು ಬಂದ ದಿಕ್ಕನ್ನು ಕಂಡುಹಿಡಿಯಲಾಗುತ್ತದೆ. ಪ್ರತಿ ಮಾಪಕದ ಸ್ಥಾನ ನಿಖರವಾಗಿ ತಿಳಿದಿರುವುದರಿಂದಲೇ ಅದು ಸಾಧ್ಯ. ವಿಜ್ಞಾನಿಗಳು ಸಾವಕಾಶವಾಗಿ ಅಳೆದು ಮಾಡುವ ಕೆಲಸವನ್ನು ಸೇನಾ ತಂಡ ರಾತ್ರಿಯ ಕೆಲವು ಗಂಟೆಗಳಲ್ಲಿ ಮಾಡಿ ಮುಗಿಸಬೇಕಾಗುತ್ತದೆ.

ಕುರಿಗಾಹಿಯೋ, ನುಸುಳುಕೋರನೋ?

ನೆಲದ ಕಂಪನ ನಡೆಯುವವನ ಉದ್ದೇಶವನ್ನು ಹೇಳುವುದಿಲ್ಲ. ಸೌದೆಗೆ ಹೊರಟ ಹೆಂಗಸು, ದನ ಅರಸುತ್ತ ಬಂದ ಹುಡುಗ, ಆಯುಧ ಹೊತ್ತ ನುಸುಳುಕೋರ ಎಲ್ಲರ ಹೆಜ್ಜೆಯೂ ಅದಕ್ಕೆ ಒಂದೇ. ಸಂಕೇತ ಬಂದೊಡನೆ ಗುಂಡು ಹಾರಿಸಿದರೆ ಬಲಿಯಾಗುವವರು ಯಾರು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಹೀಗಾಗಿ ಸಂವೇದಕದ ಸೂಚನೆಯನ್ನು ಗಸ್ತುಪಡೆ, ಕ್ಯಾಮೆರಾ ಅಥವಾ ಇತ್ತೀಚಿನ ವರ್ಷಗಳಲ್ಲಿ ಡ್ರೋನ್ ಮೂಲಕ ಪರಿಶೀಲಿಸಿದ ನಂತರವೇ ಮುಂದಿನ ಕ್ರಮ ಕೈಗೊಳ್ಳುವುದು ವಿವೇಕ. ಸಂವೇದಕ ಹೂಳುವ ತಂಡ ಅಕ್ಕಪಕ್ಕದ ಹಳ್ಳಿ, ಮೇವಿನ ತಾಣ, ನೀರಿನ ದಾರಿಗಳನ್ನೂ ಗಮನಿಸಿ ಬರೆದುಕೊಂಡು ಬಂದರೆ ಠಾಣೆಯಲ್ಲಿರುವವನಿಗೆ ನಿತ್ಯದ ಓಡಾಟಕ್ಕೂ ಅಸಹಜ ಚಲನೆಗೂ ಇರುವ ವ್ಯತ್ಯಾಸ ತಿಳಿಯುತ್ತದೆ. ಸಂವೇದಕಗಳ ಸ್ಥಳದ ಮಾಹಿತಿ ಸ್ವಪಕ್ಷದ ಗಸ್ತುಪಡೆಗಳಿಗೂ ತಲುಪಿರಬೇಕು. ಇಲ್ಲವಾದಲ್ಲಿ ತಮ್ಮವರ ಹೆಜ್ಜೆಯೇ ಶತ್ರುವಿನದೆಂದು ದಾಖಲಾಗುವ ಅಪಾಯವಿದೆ.

ಕಾರ್ಗಿಲ್ ನಂತರದ ಭಾರತ

ಭಾರತದಲ್ಲಿ ಈ ವಿಷಯಕ್ಕೆ ಮಹತ್ವ ಬಂದದ್ದು 1999ರ ಕಾರ್ಗಿಲ್ ಯುದ್ಧದ ನಂತರ. ಚಳಿಗಾಲದಲ್ಲಿ ಕಾವಲು ವಿರಳವಾಗಿದ್ದ ಎತ್ತರದ ಪ್ರದೇಶಗಳಿಗೆ ಪಾಕಿಸ್ತಾನದ ಪಡೆಗಳು ನುಸುಳಿದ್ದವು. ಮೇ ತಿಂಗಳ ಆರಂಭದಲ್ಲಿ ಆ ಸುದ್ದಿಯನ್ನು ಸೇನೆಗೆ ತಲುಪಿಸಿದವರು ಸ್ಥಳೀಯ ಕುರಿಗಾಹಿಗಳು. ಸಂವೇದಕಕ್ಕೆ ನುಸುಳುಕೋರನಂತೆಯೇ ಕಾಣುವ ಅದೇ ಕುರಿಗಾಹಿ ಅಂದು ದೇಶಕ್ಕೆ ಎಚ್ಚರಿಕೆ ನೀಡಿದ್ದು ಗಮನಾರ್ಹ. ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಕಾರ್ಗಿಲ್ ಪರಾಮರ್ಶೆ ಸಮಿತಿ ಕಣ್ಗಾವಲಿನ ಕೊರತೆಗಳತ್ತ ಬೊಟ್ಟುಮಾಡಿತು.

ಬೆಂಗಳೂರಿನ ರೇಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ಅಭಿವೃದ್ಧಿಪಡಿಸಿ, ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಹೊತ್ತೊಯ್ಯಬಲ್ಲ ಯುದ್ಧಭೂಮಿ ಕಣ್ಗಾವಲು ರೇಡಾರ್ ಅನಂತರದ ವರ್ಷಗಳಲ್ಲಿ ಸೇನೆಗೆ ಸೇರಿತು. ಆದರೆ ರೇಡಾರಿಗೆ ಬೆಟ್ಟದ ಮರೆ ಅಥವಾ ಹಳ್ಳದ ತಳ ಕಾಣುವುದಿಲ್ಲ. ಆ ಕುರುಡು ಜಾಗಗಳನ್ನು ತುಂಬುವುದು ನೆಲದ ಸಂವೇದಕಗಳು. 2018ರ ಸೆಪ್ಟೆಂಬರ್‌ನಲ್ಲಿ ಜಮ್ಮುವಿನ ಅಂತರರಾಷ್ಟ್ರೀಯ ಗಡಿಯಲ್ಲಿ ತಲಾ 5.5 ಕಿ.ಮೀ. ಉದ್ದದ ಎರಡು ಪ್ರಾಯೋಗಿಕ ಯೋಜನೆಗಳು ಉದ್ಘಾಟನೆಗೊಂಡವು. ಗಡಿ ಭದ್ರತಾ ಪಡೆಯ ಈ ಸಮಗ್ರ ಗಡಿ ನಿರ್ವಹಣಾ ವ್ಯವಸ್ಥೆಯಲ್ಲಿ ಕ್ಯಾಮೆರಾ, ರೇಡಾರ್‌ಗಳ ಜತೆ ನೆಲದಡಿಯ ಸಂವೇದಕಗಳಿಗೂ ಸ್ಥಾನ ದೊರೆಯಿತು.

ಉಪಕರಣಗಳು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿವೆ, ಚುರುಕಾಗುತ್ತಿವೆ. ಮನುಷ್ಯನ ನಡಿಗೆಯನ್ನು ಪ್ರಾಣಿಯ ನಡಿಗೆಯಿಂದ ಬೇರ್ಪಡಿಸುವ ತಂತ್ರಾಂಶಗಳೂ ಬಂದಿವೆ. ಆದರೂ ಎಲ್ಲಿ ಇಡಬೇಕು, ಹೇಗೆ ಇಡಬೇಕು, ಇಟ್ಟದ್ದನ್ನು ಹೇಗೆ ದಾಖಲಿಸಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕಾದವರು ಮನುಷ್ಯರೇ. ಸಂವೇದಕಗಳನ್ನು ಖರೀದಿಸಲು ಹಣ ಸಾಕು. ಅವುಗಳ ಮಾತನ್ನು ನಂಬಿ ಕತ್ತಲಿಗೆ ಹೆಜ್ಜೆಯಿಡುವ ಸೈನಿಕನಿಗೂ, ಅದೇ ದಾರಿಯಲ್ಲಿ ನಿತ್ಯ ಓಡಾಡುವ ಹಳ್ಳಿಗನಿಗೂ ರಕ್ಷಣೆ ಸಿಗಬೇಕಿದ್ದರೆ ಅವನ್ನು ನೆಡುವ ಕೈಗಳಿಗೆ ತಾಳ್ಮೆಯ ತರಬೇತಿ ಬೇಕು.