ಹಳೆಯ ಸೈರನ್‌ಗೆ ಮರುಜೀವ: ಯುವ ಹವ್ಯಾಸಿಗಳಿಗೆ ಕೆಲವು ಕಿವಿಮಾತು

ನಾಗಪುರ: ಮನೆಮನೆಯಲ್ಲಿ ಗಡಿಯಾರ ಇಲ್ಲದಿದ್ದ ಕಾಲದಲ್ಲಿ ಈ ಊರಿನ ದುಡಿಯುವ ಜನರಿಗೆ ಹೊತ್ತು ತಿಳಿಸುತ್ತಿದ್ದುದು ಗಿರಣಿಯ ಕೂಗು. ಮರಾಠಿಯಲ್ಲಿ ಅದಕ್ಕೆ ‘ಭೋಂಗಾ’ ಎಂಬ ಹೆಸರು. ಜಮ್‌ಶೇಟ್‌ಜಿ ಟಾಟಾ ಅವರು 1877ರ ಜನವರಿ 1ರಂದು ಇಲ್ಲಿ ಆರಂಭಿಸಿದ ಎಂಪ್ರೆಸ್ ಮಿಲ್ 2002ರಲ್ಲಿ ಬಾಗಿಲು ಮುಚ್ಚಿತು. ಅದರೊಂದಿಗೆ ಭೋಂಗಾ ಕೇಳಿ ಬುತ್ತಿ ಕಟ್ಟುವ ರೂಢಿಯೂ ಹೋಯಿತು. ದಾವಣಗೆರೆಯ ಹತ್ತಿಗಿರಣಿ, ಗೋಕಾಕದ ಮಿಲ್, 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ, ಹೀಗೆ ಬೇರೆ ಬೇರೆ ಕಡೆಯ ಕೂಗು ಕೇಳಿ ಬೆಳೆದು ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗರಿಗೂ ಈ ನೆನಪು ಹೊಸದಲ್ಲ.

ಹಬೆಯ ಭೋಂಗಾದ ನಂತರ ಬಂದದ್ದು ವಿದ್ಯುತ್ ಸೈರನ್. ಕಾರ್ಖಾನೆ, ಅಗ್ನಿಶಾಮಕ ಠಾಣೆ, ಸರಕಾರಿ ಕಟ್ಟಡಗಳ ಮಾಡಿನ ಮೇಲೆ ಕುಳಿತಿದ್ದ ಈ ಯಂತ್ರಗಳು ಇಂದು ಒಂದೊಂದಾಗಿ ಗುಜರಿ ಸೇರುತ್ತಿವೆ. ಹಳೆಯ ರೇಡಿಯೋ, ಹಳೆಯ ಸ್ಕೂಟರ್ ಸರಿಪಡಿಸುವ ಹವ್ಯಾಸವುಳ್ಳ ಯುವಕರಿಗೆ ಸೈರನ್ ಕೂಡ ಒಳ್ಳೆಯ ವಸ್ತು. ಆದರೆ ಈ ಹವ್ಯಾಸಕ್ಕೆ ಇಳಿಯುವವರು ಮೊದಲೇ ತಿಳಿದಿರಬೇಕಾದ ಸಂಗತಿಯೊಂದಿದೆ. ಹಣ ಕೊಟ್ಟರೆ ಯಂತ್ರ ತಮ್ಮದಾಗಬಹುದು, ಅದರ ಕೂಗು ಮಾತ್ರ ಊರಿನದು.

ನಾಗಪುರದ ನಂಟು

ಈ ಮಾತು ಹೇಳಲು ನಾಗಪುರಕ್ಕಿಂತ ತಕ್ಕ ಊರು ಮತ್ತೊಂದಿಲ್ಲ. ದೇಶದ ನಾಗರಿಕ ರಕ್ಷಣಾ ತರಬೇತಿಯ ಪ್ರಮುಖ ಸಂಸ್ಥೆ 1957ರಲ್ಲಿ ಆರಂಭವಾದದ್ದು ಇಲ್ಲಿಯೇ. ಮುಂದೆ ಅದು ರಾಷ್ಟ್ರೀಯ ನಾಗರಿಕ ರಕ್ಷಣಾ ಕಾಲೇಜು ಎಂದು ಹೆಸರಾಯಿತು. ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇರುವುದೂ ಇದೇ ನಗರದಲ್ಲಿ.

ನಾಗರಿಕ ರಕ್ಷಣೆಯಲ್ಲಿ ಸೈರನ್‌ಗೆ ತನ್ನದೇ ಭಾಷೆಯಿದೆ. ಎರಡು ನಿಮಿಷ ಏರಿಳಿಯುತ್ತಾ ಕೂಗಿದರೆ ವೈಮಾನಿಕ ದಾಳಿಯ ಎಚ್ಚರಿಕೆ. ಎರಡು ನಿಮಿಷ ಒಂದೇ ಸಮನೆ ಕೂಗಿದರೆ ಅಪಾಯ ಕಳೆಯಿತೆಂಬ ಸೂಚನೆ. 1965 ಮತ್ತು 1971ರ ಯುದ್ಧಗಳ ಬಳಿಕ ಇದು ಹಳೆಯ ಕಥೆ ಎಂದು ಎಣಿಸಿದವರೇ ಹೆಚ್ಚು. ಆದರೆ 2025ರ ಮೇ 7ರಂದು ದೇಶದ ಹಲವೆಡೆ ಅಣಕು ಕಾರ್ಯಾಚರಣೆ ನಡೆದಾಗ ಬೆಂಗಳೂರಿನಲ್ಲೂ ಸೈರನ್ ಮೊಳಗಿತು. ಅದೇ ಮೇ 10ರಂದು, ಟಿವಿ ಕಾರ್ಯಕ್ರಮಗಳಲ್ಲಿ ಸೈರನ್ ಸದ್ದು ಬಳಸಬಾರದೆಂದು ಕೇಂದ್ರ ಸರಕಾರ ವಾಹಿನಿಗಳಿಗೆ ಸೂಚನೆ ನೀಡಿತು. ದಿನಾ ಕೇಳಿ ಕಿವಿಗೆ ರೂಢಿಯಾದರೆ, ನಿಜವಾದ ದಾಳಿಯ ದಿನ ಜನ ಅದನ್ನು ಲೆಕ್ಕಿಸಲಾರರು ಎಂಬುದೇ ಕಾರಣ. ಟಿವಿಗೆ ಸಲ್ಲುವ ಈ ಮಾತು ಹವ್ಯಾಸಿಯ ತಾರಸಿಗೂ ಸಲ್ಲುತ್ತದೆ.

ಸೈರನ್ ಕೂಗುವುದು ಹೇಗೆ?

ಫ್ರಾನ್ಸಿನ ಕಾನ್ಯಾರ್ ದ ಲಾ ಟೂರ್ 1819ರಲ್ಲಿ ಈ ಯಂತ್ರಕ್ಕೆ ಗ್ರೀಕ್ ಪುರಾಣದ ಗಾಯಕಿಯರ ಹೆಸರಿಟ್ಟರು. ಸೈರನ್‌ನಲ್ಲಿ ತಂತಿಯಾಗಲಿ ತಮಟೆಯಾಗಲಿ ಇಲ್ಲ. ಕಿಂಡಿಗಳುಳ್ಳ ಚಕ್ರವೊಂದು ಕಿಂಡಿಗಳುಳ್ಳ ಸ್ಥಿರ ಕವಚದೊಳಗೆ ತಿರುಗುತ್ತದೆ. ಚಕ್ರ ಒಳಗಿನ ಗಾಳಿಯನ್ನು ಹೊರಕ್ಕೆ ಚಿಮ್ಮಿಸುತ್ತದೆ. ಕಿಂಡಿಗೆ ಕಿಂಡಿ ಕೂಡಿದಾಗ ಗಾಳಿ ಹೊರಬರುತ್ತದೆ, ತಪ್ಪಿದಾಗ ತಡೆಯುತ್ತದೆ. ಈ ತುಂಡು ತುಂಡು ಗಾಳಿಯೇ ಕೂಗು.

ಲೆಕ್ಕವೂ ಸರಳ. ಮೋಟಾರ್ ನಿಮಿಷಕ್ಕೆ 2,880 ಸುತ್ತು ತಿರುಗಿದರೆ ಸೆಕೆಂಡಿಗೆ 48 ಸುತ್ತಾಯಿತು. ಚಕ್ರದಲ್ಲಿ 10 ಕಿಂಡಿಗಳಿದ್ದರೆ ಸ್ವರ 480 ಹರ್ಟ್ಸ್. ವೇಗ ಏರಿದಂತೆ ಸ್ವರ ಏರುತ್ತದೆ, ಕರೆಂಟ್ ತೆಗೆದರೆ ಇಳಿಯುತ್ತದೆ. ಎಚ್ಚರಿಕೆಯ ಏರಿಳಿತ ಹುಟ್ಟುವುದು ಹೀಗೆ, ಸ್ವಿಚ್ ಹಾಕುತ್ತಾ ತೆಗೆಯುತ್ತಾ.

ಕೊಳ್ಳುವ ಮುನ್ನ

ಹೊಸಬರು ಕೈಯಿಂದ ತಿರುಗಿಸುವ ಸೈರನ್‌ನಿಂದ ಆರಂಭಿಸುವುದು ಉತ್ತಮ. ಹಿಡಿ, ಹಲ್ಲುಚಕ್ರ, ಬೇರಿಂಗ್, ಚಕ್ರ ಇಷ್ಟೇ ಇರುವುದರಿಂದ ಬಿಚ್ಚಿ ಜೋಡಿಸಿದರೆ ಇಡೀ ತತ್ವ ತಿಳಿಯುತ್ತದೆ. ವಿದ್ಯುತ್ತಿನ ಭಯವೂ ಇಲ್ಲ. ಮುಂದಿನ ಹೆಜ್ಜೆ ಸಿಂಗಲ್ ಫೇಸಿನ ಸಣ್ಣ ಸೈರನ್. ತ್ರೀ ಫೇಸಿನ ದೊಡ್ಡ ಸೈರನ್‌ಗೆ 415 ವೋಲ್ಟ್ ಬೇಕಾಗುವುದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ಎಚ್‌ಪಿ, ವೋಲ್ಟ್, ಫೇಸ್, ವೇಗ ಎಲ್ಲವೂ ಅಚ್ಚಾಗಿರುವ ತಗಡಿನ ಫಲಕವನ್ನು ಮೊದಲು ಓದಬೇಕು.

ಮುಚ್ಚಿದ ಕಾರ್ಖಾನೆಯ ಸಾಮಾನು ಗುಜರಿ ಅಂಗಡಿಗಳಲ್ಲಿ ಸಿಗುತ್ತದೆ. ಸರಕಾರಿ ಇಲಾಖೆಗಳ ಹಳೆಯ ಯಂತ್ರಗಳು ಎಂಎಸ್‌ಟಿಸಿ ಸಂಸ್ಥೆಯ ಹರಾಜಿಗೆ ಬರುವುದುಂಟು. ಎಲ್ಲಿ ಕೊಂಡರೂ ರಸೀದಿ ಪಡೆಯುವುದು ಕಡ್ಡಾಯ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡವನಿಗೂ ಶಿಕ್ಷೆ ತಪ್ಪಿದ್ದಲ್ಲ. ಸರಕಾರಿ ಮಾಡಿನ ಮೇಲೆ ತುಕ್ಕು ಹಿಡಿದು ಕುಳಿತ ಸೈರನ್ ಅನಾಥವಲ್ಲ, ಅದು ಸರಕಾರದ ಸ್ವತ್ತು. ಇನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ, ಎತ್ತರದಿಂದ ಭಾರದ ಕಬ್ಬಿಣ ಇಳಿಸುವ ಕೆಲಸವನ್ನು ಗೆಳೆಯರ ಬಳಗ ಮಾಡಬಾರದು. ಕ್ರೇನ್ ಕೆಲಸದವರಿಗೇ ಒಪ್ಪಿಸಬೇಕು.

ದುರಸ್ತಿಯ ಕ್ರಮ

ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದು, ಪ್ರತಿ ತಂತಿಗೂ ಚೀಟಿ ಕಟ್ಟಬೇಕು. ಹಕ್ಕಿಗೂಡು, ಕಣಜದ ಗೂಡು ತೆಗೆದು ಕೈಯಿಂದ ಚಕ್ರ ತಿರುಗಿಸಿ ನೋಡಬೇಕು. ಉಜ್ಜುವ ಸದ್ದು ಬಂದರೆ ಬಹುಮಟ್ಟಿಗೆ ಬೇರಿಂಗ್ ಸವೆದಿದೆ ಎಂದೇ ಅರ್ಥ. ಚಕ್ರಕ್ಕೂ ಕವಚಕ್ಕೂ ನಡುವಿನ ಸಂದು ತೀರಾ ಕಿರಿದು. ಅದನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿದರೆ ಸೈರನ್ ದನಿ ಕಳೆದುಕೊಳ್ಳುತ್ತದೆ. ಬೇರಿಂಗ್ ಬದಲಾಯಿಸುವುದೇ ದಾರಿ. ಚಕ್ರದಲ್ಲಿ ಕೂದಲೆಳೆಯ ಬಿರುಕು ಕಂಡರೂ ಅದನ್ನು ತಿರುಗಿಸಲೇಬಾರದು. ಆ ವೇಗದಲ್ಲಿ ಒಡೆದ ಚೂರು ಗುಂಡಿನಂತೆ ಸಿಡಿಯುತ್ತದೆ.

ವರ್ಷಗಟ್ಟಲೆ ಮಳೆಯಲ್ಲಿ ನೆನೆದ ಮೋಟಾರಿಗೆ ನೇರವಾಗಿ ಕರೆಂಟ್ ಕೊಡಬಾರದು. ರಿವೈಂಡಿಂಗ್ ಅಂಗಡಿಯಲ್ಲಿ 500 ವೋಲ್ಟಿನ ಮೆಗ್ಗರ್‌ನಿಂದ ಪರೀಕ್ಷಿಸಿ, ಕನಿಷ್ಠ 1 ಮೆಗಾಓಮ್ ತೋರಿಸಿದರೆ ಮಾತ್ರ ಮುಂದುವರಿಯಬೇಕು. ಅರ್ಥಿಂಗ್ ಇಲ್ಲದೆ ಚಾಲೂ ಮಾಡುವಂತಿಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರುವುದುಂಟು. ಆದ್ದರಿಂದ ಮಾಸ್ಕ್ ಧರಿಸಿ, ನೀರು ಹಾಕಿಯೇ ಉಜ್ಜಬೇಕು. ತಯಾರಕರ ಫಲಕಕ್ಕೆ ಮಾತ್ರ ಬಣ್ಣ ಬಳಿಯಬಾರದು. ಯಂತ್ರದ ಜಾತಕ ಇರುವುದು ಅದರಲ್ಲಿ.

ಇನ್ನು ಹಬೆಯ ಭೋಂಗಾ ಸಿಕ್ಕರೆ ಒರೆಸಿ, ಬಣ್ಣ ಬಳಿದು ಇಟ್ಟುಕೊಳ್ಳಬಹುದು. ಮನೆಯಲ್ಲಿ ಹಬೆ ಎಬ್ಬಿಸಿ ಊದಿಸುವ ಸಾಹಸ ಬೇಡ.

ಕೂಗಿಸುವ ಮುನ್ನ

ಒಂದು ಮೀಟರ್ ದೂರದಲ್ಲಿ 120 ಡೆಸಿಬೆಲ್ ಸದ್ದು ಮಾಡುವ ಸೈರನ್, ಬಯಲಿನಲ್ಲಿ 32 ಮೀಟರ್ ಆಚೆಗೂ ಸುಮಾರು 90 ಡೆಸಿಬೆಲ್ ಕೇಳಿಸುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. 100 ಡೆಸಿಬೆಲ್ ಸದ್ದನ್ನು ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಕೇಳಬಾರದೆಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಹೋದ ಶ್ರವಣಶಕ್ತಿ ಮರಳಿ ಬಾರದು. ಹೀಗಾಗಿ ಇಯರ್‌ಪ್ಲಗ್, ಅದರ ಮೇಲೆ ಇಯರ್‌ಮಫ್ ಎರಡೂ ಬೇಕು.

ಹಾಗಾದರೆ ಸರಿಪಡಿಸಿದ ಯಂತ್ರವನ್ನು ಪರೀಕ್ಷಿಸುವುದು ಹೇಗೆ? ಗಾಳಿ ಒಳಬರುವ ಬಾಯಿಗೆ ಗಟ್ಟಿಯಾದ ಮುಚ್ಚಳ ಬಿಗಿದರೆ ಸದ್ದು ತಗ್ಗುತ್ತದೆ, ಮೋಟಾರಿನ ಹೊರೆಯೂ ತಗ್ಗುತ್ತದೆ. ತ್ರೀ ಫೇಸ್ ಮೋಟಾರಾದರೆ, ಬಲ್ಲವರ ನೆರವಿನಿಂದ ವಿಎಫ್‌ಡಿ ಉಪಕರಣ ಜೋಡಿಸಿ ನಿಧಾನಕ್ಕೆ ತಿರುಗಿಸಬಹುದು. ಐದರಲ್ಲೊಂದು ವೇಗಕ್ಕೆ 480 ಹರ್ಟ್ಸ್ ಕೂಗು 96 ಹರ್ಟ್ಸ್ ಗುನುಗಾಗುತ್ತದೆ. ಪೂರ್ಣ ದನಿ ಕೇಳಲೇಬೇಕೆಂದರೆ ಊರಾಚೆಯ ಬಯಲು, ಹಗಲು ಹೊತ್ತು, ಜಮೀನಿನ ಮಾಲೀಕರ ಒಪ್ಪಿಗೆ, ಪೊಲೀಸ್ ಠಾಣೆಗೆ ಮುಂಚಿತ ಪತ್ರ ಇಷ್ಟೂ ಇರಬೇಕು. ಎರಡು ನಿಮಿಷದ ಏರಿಳಿತವನ್ನಂತೂ ಯಾವ ಕಾರಣಕ್ಕೂ ಕೂಗಿಸಬಾರದು. ಕೆಲವೇ ಸೆಕೆಂಡು ಸಾಕು. ಬೈಕಿಗೋ ಕಾರಿಗೋ ಸೈರನ್ ಕಟ್ಟುವುದು ಕಾನೂನಿಗೆ ವಿರುದ್ಧ.

ಸಂಘಗಳು ಮಾಡಬಹುದಾದದ್ದು

ಸೈರನ್‌ಗೆ ಹೊಸ ಕೆಲಸ ಕೊಟ್ಟ ಊರೂ ಇದೆ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಲ್ಲಿ ಸಂಜೆ 7ಕ್ಕೆ ಸೈರನ್ ಕೂಗಿಸಿ, ಒಂದೂವರೆ ಗಂಟೆ ಮನೆಮನೆಯ ಮೊಬೈಲ್, ಟಿವಿ ಬಂದ್ ಮಾಡುವ ಪದ್ಧತಿ ಶುರುವಾಯಿತು. ಅಲ್ಲಿ ಕೂಗಿದ್ದು ಊರೆಲ್ಲ ಒಪ್ಪಿದ ಸೈರನ್ ಎಂಬುದು ಗಮನಾರ್ಹ.

ಹದಿನೆಂಟು ತುಂಬಿದವರು ನಾಗರಿಕ ರಕ್ಷಣಾ ಸ್ವಯಂಸೇವಕರಾಗಬಹುದು. ಸಣ್ಣವರು ದುರಸ್ತಿಯನ್ನು ಹಿರಿಯರ ಜತೆಯಲ್ಲೇ ಮಾಡಬೇಕು. ರೈಲ್ವೆಯಲ್ಲಿ, ಗಿರಣಿಯಲ್ಲಿ ದುಡಿದು ನಿವೃತ್ತರಾದ ಫಿಟ್ಟರ್, ಎಲೆಕ್ಟ್ರಿಶಿಯನ್‌ಗಳು ಕನ್ನಡ ಸಂಘಗಳಲ್ಲಿ ಇದ್ದರೆ, ಬೇರಿಂಗ್ ಕಳಚುವ ವಿದ್ಯೆಯನ್ನು ಪುಸ್ತಕಕ್ಕಿಂತ ಚೆನ್ನಾಗಿ ಅವರೇ ಕಲಿಸಬಲ್ಲರು. ತಮ್ಮೂರಿನ ಗಿರಣಿ ಎಷ್ಟು ಹೊತ್ತಿಗೆ ಕೂಗುತ್ತಿತ್ತು, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಕೇಳಿ ಬರೆದುಕೊಳ್ಳುವ ಕೆಲಸವನ್ನು ಮಕ್ಕಳಿಗೆ ವಹಿಸಬಹುದು. ರಾಜ್ಯೋತ್ಸವದ ಸಭಾಂಗಣದಲ್ಲಿ ದುರಸ್ತಿಯಾದ ಒಂದು ಕೈ ಸೈರನ್, ಪಕ್ಕದಲ್ಲಿ ಆ ಬರಹ ಇಟ್ಟರೆ ಸಾಕು. ಹಿಡಿಯನ್ನು ಒಂದೇ ಸುತ್ತು ಮೆಲ್ಲಗೆ ತಿರುಗಿಸಿದರೂ ಗಿರಣಿಯ ಕಾಲ ಕಂಡ ಹಿರಿಯರು ತಲೆ ಎತ್ತಿ ನೋಡುವುದು ಖಂಡಿತ.